ಅಂಕ ನೋಡಿ ಮಡಚಿಟ್ಟ ಉತ್ತರಪತ್ರಿಕೆ

ಪ್ರೌಢಶಾಲೆಯ ಕೊನೆಯ ಪರೀಕ್ಷೆಗೆ ಕೆಲವೇ ತಿಂಗಳು ಉಳಿದಿರುವಾಗ ಆಪ್ತಸಲಹೆಗೆ ಬರುವ ತಂದೆತಾಯಿಯರ ಮಾತು ಹೆಚ್ಚುಕಡಿಮೆ ಒಂದೇ. ‘ಉಳಿದ ವಿಷಯಗಳು ಪರವಾಗಿಲ್ಲ. ಗಣಿತ ಮತ್ತು ಇಂಗ್ಲಿಷ್‌ನದೇ ಚಿಂತೆ. ಎಷ್ಟು ಓದಿದರೂ ಅಂಕ ಏರುತ್ತಿಲ್ಲ.’ ಹೀಗೆ ಪದೇ ಪದೇ ಬರುವ ಪ್ರಕರಣಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಗೆ 15 ವರ್ಷ. ಶಾಲೆಯ ಜೊತೆಗೆ ಎರಡು ಟ್ಯೂಷನ್, ಆಮೇಲೆ ತಡರಾತ್ರಿಯವರೆಗೆ ಓದು. ಎರಡೂ ವಿಷಯಗಳಲ್ಲಿ ಅಂಕ ನೂರಕ್ಕೆ ನಲವತ್ತರ ಆಸುಪಾಸು. ಕಣ್ಣಿನ ತೊಂದರೆಯಾಗಲಿ ಕಲಿಕಾ ನ್ಯೂನತೆಯಾಗಲಿ ಇಲ್ಲವೆಂದು ಮೊದಲೇ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಂಡಿದ್ದೆವು. ಅದನ್ನು ನೋಡದೆ ‘ಗಮನ ಕೊಡುವುದಿಲ್ಲ’ ಎಂದು ಮಕ್ಕಳನ್ನು ಗದರುವುದು ಅನ್ಯಾಯ. ಮೊದಲ ಭೇಟಿಯಲ್ಲಿ ಮಾತೆಲ್ಲ ತಂದೆಯದೇ. ಮೂರನೆಯ ಟ್ಯೂಷನ್ ಸೇರಿಸಬೇಕೇ ಎಂಬುದು ಅವರ ಪ್ರಶ್ನೆಯಾಗಿತ್ತು. ನಾನು ಉತ್ತರಿಸಲಿಲ್ಲ. ಮುಂದಿನ ಸಲ ಬರುವಾಗ, ತಿದ್ದಿ ಕೊಟ್ಟ ಉತ್ತರಪತ್ರಿಕೆಗಳನ್ನು ತೆಗೆದುಕೊಂಡು ಬಾ ಎಂದು ಮಗಳಿಗೆ ಹೇಳಿದೆ.

ತಂದಳು. ಗಣಿತದ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟಿದ್ದಳು. ಮೊದಲ ಪುಟದಲ್ಲಿ ಕೆಂಪು ಶಾಯಿಯ ಒಟ್ಟು ಅಂಕ, ಅದರ ಪಕ್ಕದಲ್ಲಿ ತಂದೆಯ ಸಹಿ.

‘ಒಳಗೆ ತೆರೆದು ನೋಡಿದೆಯಾ?’

‘ಇಲ್ಲ ಮೇಡಂ. ನೋಡಿದರೆ ಇನ್ನೊಂದು ಸಲ ಬೈಸಿಕೊಂಡ ಹಾಗಾಗುತ್ತದೆ.’

ಒಟ್ಟು ಅಂಕ ಕಾಣದಂತೆ ಅದರ ಮೇಲೆ ಒಂದು ಚೀಟಿ ಅಂಟಿಸಿದೆ. ಒಳಪುಟದ ಒಂದು ಸಮೀಕರಣಕ್ಕೆ ಸೊನ್ನೆ ಅಂಕ ಬಿದ್ದಿತ್ತು. ತಿಳಿಯದ ಸಂಖ್ಯೆಯನ್ನು ‘ಕ’ ಎಂದುಕೊಂಡರೆ ಲೆಕ್ಕ ಹೀಗಿತ್ತು: 2(ಕ + 4) − (ಕ − 3) = 15. ಆವರಣ ಬಿಡಿಸುವಾಗ ಅವಳು 2ಕ + 8 − ಕ − 3 ಎಂದು ಬರೆದು, ಉತ್ತರ 10 ಎಂದು ತೀರ್ಮಾನಿಸಿದ್ದಳು. ತಪ್ಪು ಎಲ್ಲಿದೆ ಎಂದು ನಾನು ಹೇಳಲಿಲ್ಲ. ‘ನಿನ್ನ ಉತ್ತರವನ್ನೇ ಸಮೀಕರಣದೊಳಗೆ ಹಾಕಿ ನೋಡು’ ಎಂದೆ. ಹದಿನಾಲ್ಕರ ಎರಡರಷ್ಟು 28, ಅದರಲ್ಲಿ 7 ಕಳೆದರೆ 21. ‘ಹದಿನೈದು ಬರಬೇಕಿತ್ತಲ್ಲ!’ ಎಂದು ಹಾಳೆಯನ್ನು ಹತ್ತಿರ ಎಳೆದುಕೊಂಡಳು. ಸ್ವಲ್ಪ ಹೊತ್ತು ಬೇಕಾಯಿತು. ಆವರಣದ ಹಿಂದಿನ ಮೈನಸ್ ಚಿಹ್ನೆ ಒಳಗಿನ ಮೂರಕ್ಕೂ ತಾಗುತ್ತದೆ, ಅದು ಕೂಡಬೇಕಾದ ಮೂರು ಎಂದು ತಾನೇ ಕಂಡುಕೊಂಡಳು. ಉತ್ತರ 4 ಬಂತು. ಹಾಕಿ ನೋಡಿದಳು, ತಾಳೆಯಾಯಿತು.

ಆಮೇಲೆ ನಾನು ಹೇಳುವ ಮೊದಲೇ ಪುಟ ತಿರುವತೊಡಗಿದಳು. ಬಹುಪದಗಳ ವ್ಯವಕಲನದಲ್ಲಿ ಅದೇ ಮೈನಸ್. ಎರಡು ಬಿಂದುಗಳ ನಡುವಿನ ದೂರ ಕಂಡುಹಿಡಿಯುವ ಲೆಕ್ಕದಲ್ಲಿ 2 − (−5) ಎಂಬುದು −3 ಆಗಿತ್ತು. ಸೂತ್ರ ಸರಿ, ಹಂತಗಳು ಸರಿ, ಚಿಹ್ನೆ ತಪ್ಪು. ಮೂರು ಬೇರೆ ಬೇರೆ ಪಾಠಗಳಲ್ಲಿ ಅಂಕ ಹೋಗಿದ್ದು ಒಂದೇ ಕಾರಣಕ್ಕೆ. ಆಗ ಅವಳು ಹೇಳಿದ ಮಾತು ನನಗೆ ಇಡೀ ಪ್ರಕರಣವನ್ನು ತೆರೆದು ತೋರಿಸಿತು: ‘ಮೇಡಂ, ಪುಸ್ತಕ ತೆರೆದಿದ್ದರೆ ನನಗೆ ಎಲ್ಲವೂ ಬರುತ್ತದೆ. ಮುಚ್ಚಿದರೆ ಯಾವುದೂ ಬರುವುದಿಲ್ಲ.’

ಓದು ಎಂದರೆ ಅವಳ ಪಾಲಿಗೆ ಬಿಡಿಸಿದ ಉದಾಹರಣೆಗಳನ್ನು ಓದುವುದು, ಟ್ಯೂಷನ್‌ನಲ್ಲಿ ಬೋರ್ಡಿನ ಮೇಲಿದ್ದುದನ್ನು ಇಳಿಸಿಕೊಳ್ಳುವುದು. ಅಲ್ಲಿ ತಪ್ಪಾಗುವುದಕ್ಕೆ ಅವಕಾಶವೇ ಇಲ್ಲ. ತಪ್ಪುಗಳೆಲ್ಲ ಕೂಡಿಬಿದ್ದಿದ್ದ ಒಂದೇ ಜಾಗವೆಂದರೆ ಆ ಉತ್ತರಪತ್ರಿಕೆ. ಮನೆಯಲ್ಲಿ ಅದು ತೀರ್ಪಿನ ಕಾಗದವಾಗಿಬಿಟ್ಟಿದ್ದರಿಂದ ಅದನ್ನು ಯಾರೂ ಓದಿರಲಿಲ್ಲ.

ಮುಚ್ಚಿಟ್ಟು ನೆನಪಿನಿಂದ ಬರೆಯುವುದರ ಬಲ ಸಂಶೋಧನೆಯಲ್ಲೂ ಕಂಡಿದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ಕೆಲವು ಗದ್ಯಭಾಗಗಳನ್ನು ಓದಿ ಮತ್ತೊಮ್ಮೆ ಓದಿದರು, ಇನ್ನು ಕೆಲವನ್ನು ಓದಿ ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಹೆಚ್ಚು ನೆನಪಿತ್ತು. ವಾರದ ನಂತರ ಕೇಳಿದಾಗ ಲೆಕ್ಕ ತಿರುವುಮುರುವಾಯಿತು: ಮತ್ತೆ ಓದಿದ್ದರಲ್ಲಿ ಉಳಿದದ್ದು ಸುಮಾರು ಶೇ 42, ನೆನಪಿನಿಂದ ಬರೆದದ್ದರಲ್ಲಿ ಶೇ 56. ರಾತ್ರಿ ಓದಿ ಮುಗಿಸಿದಾಗ ‘ಎಲ್ಲ ಬರುತ್ತದೆ’ ಎನ್ನಿಸಿದ್ದು ಪರೀಕ್ಷೆಯ ದಿನ ಯಾಕೆ ಕೈಕೊಡುತ್ತದೆ ಎಂದು ಅವಳಿಗೆ ವಿವರಿಸಲು ನನಗೆ ಇದು ನೆರವಾಯಿತು.

ನನ್ನ ಸಲಹೆ ಕೇಳಿ ತಂದೆಗೆ ಸಿಟ್ಟು ಬಂತು. ಮೂರನೆಯ ಟ್ಯೂಷನ್ ಬೇಡ, ಇರುವ ಎರಡರಲ್ಲಿ ಒಂದನ್ನೂ ಬಿಡಿಸಿ ಎಂದಿದ್ದೆ. ಆ ವೇಳೆಯಲ್ಲಿ ಅವಳು ಹಳೆಯ ಪತ್ರಿಕೆಗಳಲ್ಲಿ ತಪ್ಪಿದ ಲೆಕ್ಕಗಳನ್ನು ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಮಾಡಬೇಕು. ಸರಿ ಬಂದರೂ ಎರಡು ದಿನ ಬಿಟ್ಟು ಮತ್ತೆ ಮಾಡಬೇಕು. ಆಮೇಲೆ ಬೇರೆ ಬೇರೆ ಪಾಠಗಳ ಲೆಕ್ಕಗಳನ್ನು ಬೆರೆಸಿಕೊಳ್ಳಬೇಕು, ಏಕೆಂದರೆ ಇದು ಯಾವ ಪಾಠದ್ದು ಎಂದು ಪ್ರಶ್ನೆಪತ್ರಿಕೆ ಹೇಳುವುದಿಲ್ಲ. ನಿದ್ದೆ ಕೆಟ್ಟರೆ ಕಲಿತದ್ದೂ ನಿಲ್ಲುವುದಿಲ್ಲ, ಹಾಗಾಗಿ ರಾತ್ರಿ ಹತ್ತರ ನಂತರ ಪುಸ್ತಕ ಬೇಡ. ತಂದೆಗೆ ಕೊಟ್ಟ ಕೆಲಸ ಒಂದೇ: ಸಹಿ ಹಾಕುವ ಮುನ್ನ, ತಿದ್ದಿಕೊಂಡ ಒಂದು ಲೆಕ್ಕವನ್ನು ಮಗಳಿಂದ ವಿವರಿಸಿಕೊಳ್ಳುವುದು. ಮುಂದಿನ ಕಿರುಪರೀಕ್ಷೆಯವರೆಗೆ ಮಾತ್ರ ನೋಡೋಣ ಎಂದು ಅರೆಮನಸ್ಸಿನಿಂದ ಒಪ್ಪಿಕೊಂಡರು.

ಲೆಕ್ಕ ಹೇಳಿಕೊಡುವುದು ಆಪ್ತಸಲಹೆಗಾರರ ಕೆಲಸವೇ ಎಂದು ಈ ವೃತ್ತಿಯಲ್ಲೇ ಇರುವ ಕೆಲವರು ಕೇಳುತ್ತಾರೆ. ಹೌದು ಎಂದೇ ನಾನು ಹೇಳುತ್ತೇನೆ. ಈ ಹುಡುಗಿಗೆ ‘ಆತ್ಮವಿಶ್ವಾಸ ಬೆಳೆಸಿಕೊ’ ಎಂದು ಎಲ್ಲರೂ ಹೇಳಿಯಾಗಿತ್ತು. ಅಂಕ ಎಲ್ಲಿ ಹೋಯಿತೆಂದೇ ಗೊತ್ತಿಲ್ಲದ ಮಗು ಅದನ್ನು ಎಲ್ಲಿಂದ ತರಬೇಕು? ಭಯ ಆ ಕಾಗದಕ್ಕೆ ಅಂಟಿಕೊಂಡಿದ್ದಾಗ ಕಾಗದವನ್ನು ಬಿಡಿಸದೆ ಭಯವನ್ನು ಬಿಡಿಸಲಾಗದು. ಉಸಿರಾಟದ ಅಭ್ಯಾಸವನ್ನು ನಾನೂ ಹೇಳಿಕೊಡುತ್ತೇನೆ, ಆದರೆ ಮೈನಸ್ ಚಿಹ್ನೆಯನ್ನು ಅದು ಸರಿಪಡಿಸುವುದಿಲ್ಲ.

ಇಂಗ್ಲಿಷ್ ಪತ್ರಿಕೆಯನ್ನೂ ಹೀಗೆಯೇ ಬಿಡಿಸಿದೆವು. ಗದ್ಯಭಾಗದ ಪ್ರಶ್ನೆ ‘ವೈ’ ಎಂದು ಕೇಳಿತ್ತು. ಪ್ರಶ್ನೆಯಲ್ಲಿದ್ದ ಒಂದು ಪದವನ್ನು ಗದ್ಯದಲ್ಲಿ ಹುಡುಕಿ, ಆ ವಾಕ್ಯವನ್ನು ಹಾಗೆಯೇ ಇಳಿಸಿದ್ದಳು. ಆ ವಾಕ್ಯದಲ್ಲಿದ್ದದ್ದು ಯಾವಾಗ ಎಂಬುದು, ಯಾಕೆ ಎಂಬುದಲ್ಲ. ಪ್ರಬಂಧ ‘ವೀ ವೆಂಟ್’ ಎಂದು ಶುರುವಾಗಿ ಮೂರನೆಯ ಸಾಲಿಗೆ ‘ವೀ ಸೀ’ ಆಗಿತ್ತು, ಅದರ ಮುಂದೆಯೇ ‘ಮೈ ಬ್ರದರ್ ಸೇ’. ಪ್ರಶ್ನಾರ್ಥಕ ಪದಕ್ಕೆ ಗೆರೆ ಎಳೆದ ಮೇಲೆಯೇ ಗದ್ಯಭಾಗಕ್ಕೆ ಹೋಗು ಎಂದೆ. ಬಾಯಿಪಾಠದ ಪ್ರಬಂಧಗಳನ್ನು ನಿಲ್ಲಿಸಿ ದಿನಕ್ಕೆ ಆರೇಳು ಸ್ವಂತ ವಾಕ್ಯ ಬರೆಯಬೇಕು, ಬರೆದ ಮೇಲೆ ಕ್ರಿಯಾಪದಗಳನ್ನಷ್ಟೇ ನೋಡುತ್ತಾ ಗಟ್ಟಿಯಾಗಿ ಓದಬೇಕು. ಆರ್ಟಿಕಲ್, ಕಾಗುಣಿತ ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟರೆ ಕೈ ಕಟ್ಟಿಹೋಗುತ್ತದೆ.

ಗಣಿತ ಮುಂದಿನ ಪರೀಕ್ಷೆಯಲ್ಲಿ ಅರವತ್ತು ದಾಟಿತು. ಇಂಗ್ಲಿಷ್ ನಿಧಾನ. ಗದ್ಯಭಾಗದ ಅಂಕ ಮೊದಲು ಏರಿತು, ಪ್ರಬಂಧದ್ದು ಅಷ್ಟಾಗಿ ಏರಲಿಲ್ಲ. ತಂದೆ ಫೋನ್ ಮಾಡಿ, ಇಂಗ್ಲಿಷ್‌ಗಾದರೂ ಇನ್ನೊಂದು ಟ್ಯೂಷನ್ ಇರಲಿ ಅಲ್ಲವೇ ಎಂದು ಕೇಳಿದರು. ಅಲ್ಲಿನ ಶಿಕ್ಷಕರು ಅವಳು ಬರೆದ ವಾಕ್ಯಗಳನ್ನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದುತ್ತಾರೆಯೇ ಎಂದು ವಿಚಾರಿಸಿ, ತಿದ್ದುವುದಾದರೆ ಖಂಡಿತ ಕಳುಹಿಸಿ, ಸಿದ್ಧ ನೋಟ್ಸ್ ಬರೆಸುವುದಾದರೆ ಬೇಡ ಎಂದು ಹೇಳಿದೆ.