ವೃದ್ಧಾಶ್ರಮದ ಆರೈಕೆ ಸಿಬ್ಬಂದಿಯ ಸಂಘದ ಕುರಿತು

ಶಿರಸಿ ಸಮೀಪದ ವೃದ್ಧಾಶ್ರಮವೊಂದರ ಹದಿನಾಲ್ಕು ಆಯಾಗಳು ಸಂಘ ಕಟ್ಟಿ, ಆಡಳಿತದೊಂದಿಗೆ ಸಂಬಳದ ಮಾತುಕತೆ ನಡೆಸಬಹುದೇ ಎಂದು ತಾವು ಕೇಳಿದ್ದೀರಿ. ಸಂಘ ಕಟ್ಟಬಹುದು, ನೋಂದಣಿಯ ಅರ್ಜಿಗೆ ಏಳು ಸದಸ್ಯರು ಸಾಕು. ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ ಶೇಕಡಾ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘಕ್ಕೆ ಮಾತುಕತೆಯ ಹಕ್ಕು ಕೊಡುತ್ತದೆಯಾದರೂ, ಬಹುಪಾಲು ದಾನಧರ್ಮದ ಸೇವೆಯಲ್ಲೇ ತೊಡಗಿರುವ ಸಂಸ್ಥೆಗಳನ್ನು ‘ಉದ್ಯಮ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ; ಅಂಥ ಸಂಸ್ಥೆಯ ಸಿಬ್ಬಂದಿಗೆ ಈ ಹಕ್ಕು ಸಿಗದೇ ಹೋಗಬಹುದು. 1978ರ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪದಕ್ಕೆ ಕೊಟ್ಟಿದ್ದ ವಿಶಾಲ ಅರ್ಥ ಹೀಗೆ ಕಿರಿದಾದದ್ದು ಆರೈಕೆ ಕ್ಷೇತ್ರದವರಿಗೆ ದೊಡ್ಡ ನಷ್ಟವೆಂದೇ ನನ್ನ ಭಾವನೆ. ಆದ್ದರಿಂದ ಆಶ್ರಮವನ್ನು ನಡೆಸುವುದು ಧರ್ಮಾರ್ಥ ಟ್ರಸ್ಟೋ, ಲಾಭದ ಕಂಪನಿಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಬೇಡಿಕೆ ಪತ್ರದಲ್ಲಿ ಸಂಬಳವೊಂದನ್ನೇ ಬರೆಯಬೇಡಿ. ಕಾರವಾರದಲ್ಲಿ ಹಾಸಿಗೆ ಹಿಡಿದಿದ್ದ ನನ್ನ ತಾಯಿಗೆ ಬೆನ್ನುಹುಣ್ಣು ಆಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು; ರಾತ್ರಿ ಪಾಳಿಯಲ್ಲಿ ಒಬ್ಬರೇ ಆಯಾ ಇದ್ದಾಗ ಅದು ತಪ್ಪುತ್ತಿತ್ತು. ರಾತ್ರಿ ಎಷ್ಟು ಹಾಸಿಗೆಗೆ ಎಷ್ಟು ಜನ ಇರಬೇಕೆಂಬುದನ್ನೂ ಬರೆದು, ಪತ್ರದ ಒಂದು ನಕಲಿನ ಮೇಲೆ ಆಡಳಿತದಿಂದ ಸ್ವೀಕೃತಿಯ ಸಹಿ ಪಡೆಯಿರಿ.