ಔಷಧ ತಪ್ಪಿದರೆ ಮೊದಲು ಬಾಯಿ ಬಿಡಿ

ಇಂಗ್ಲೆಂಡಿನ ಲೀಡ್ಸ್‌ಗೆ ಸ್ಟಾಫ್ ನರ್ಸ್ ಆಗಿ ಹೊರಟಿದ್ದೀರಿ. ಚಳಿ, ಬಾಡಿಗೆ, ಅಡುಗೆ ಎಲ್ಲ ಕೇಳಿ ಕೊನೆಗೆ "ಔಷಧ ಕೊಡುವಾಗ ತಪ್ಪಾದರೆ ವೀಸಾ ಹೋಗುತ್ತಾ?" ಅಂದಿದ್ದೀರಿ. ಬಂದ ಹೊಸದರಲ್ಲಿ ನನಗೂ ಇದೇ ದಿಗಿಲಿತ್ತು. ದಪ್ಪ ಕೋಟು, ಬೂಟು ಇಲ್ಲೇ ಕೊಳ್ಳಿ. ಮನೆ ಬಸ್ಸಿನ ದಾರಿಯಲ್ಲಿರಲಿ. ಸೊಪ್ಪು, ಬೇಳೆ ಸಿಗುತ್ತವೆ. ಸಾರಿನ ಪುಡಿ ಮಾತ್ರ ಅಮ್ಮನ ಕೈಯದೇ ತನ್ನಿ.

ಇನ್ನು ಆ ಕೊನೆಯ ಪ್ರಶ್ನೆ. ನಮ್ಮ ಕಡೆ ದೊಡ್ಡ ಸಿಸ್ಟರ್ ಎದುರು ತಲೆ ತಗ್ಗಿಸಿ ಸುಮ್ಮನಿರುವುದೇ ವಿನಯ. ಇಲ್ಲಿ ಹಾಗೆ ಸುಮ್ಮನಿದ್ದರೆ ಏನೋ ಮುಚ್ಚಿಡುತ್ತಿದ್ದೀರಿ ಅಂದುಕೊಳ್ಳುತ್ತಾರೆ.

ಬೆಳಿಗ್ಗೆ 6ಕ್ಕೆ 1 ಗ್ರಾಂ ಪ್ಯಾರಾಸಿಟಮಾಲ್ ಕೊಟ್ಟಾಗಿದೆ, ಚಾರ್ಟ್ ನೋಡದೆ ನೀವು 8ಕ್ಕೆ ಇನ್ನೊಂದು ಗ್ರಾಂ ಕೊಟ್ಟಿರಿ ಅನ್ನಿ. ನಡುವೆ ಕನಿಷ್ಠ 4 ಗಂಟೆ ಬೇಕಿತ್ತು. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರುವಂತಿಲ್ಲ. ತಕ್ಷಣ ರೋಗಿಯ ಬಿಪಿ, ನಾಡಿ ನೋಡಿ. ತೂಕ 50 ಕೆಜಿಗಿಂತ ಕಡಿಮೆಯೇ, ಲಿವರ್ ತೊಂದರೆ ಇದೆಯೇ ಅಂತ ನೋಡಿ. ಇನ್‌ಚಾರ್ಜ್‌ಗೂ ಡಾಕ್ಟರಿಗೂ "6ಕ್ಕೆ 1 ಗ್ರಾಂ ಹೋಗಿತ್ತು, 8ಕ್ಕೆ ನಾನು ಮತ್ತೆ 1 ಗ್ರಾಂ ಕೊಟ್ಟೆ" ಅನ್ನಿ. ಹತ್ತು ಸಲ ಸಾರಿ ಹೇಳಿ, ಗಂಟೆ ಮತ್ತು ಡೋಸ್ ಹೇಳದೆ ಬಿಟ್ಟರೆ ಅವರು ಏನು ಮಾಡಿಯಾರು? ಆಮೇಲೆ ರೋಗಿಗೂ ಹೇಳಿ ಕ್ಷಮೆ ಕೇಳಿ. ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯ ಒಪ್ಪಿಕೊಂಡಂತೆ ಆಗುವುದಿಲ್ಲ. 2006ರ ಕಾಂಪೆನ್ಸೇಷನ್ ಆಕ್ಟ್‌ನಲ್ಲೇ ಅದಿದೆ. ಶಿಫ್ಟ್ ಮುಗಿಯುವುದರೊಳಗೆ ನೋಟ್ಸ್ ಬರೆದು ತಪ್ಪನ್ನು ವರದಿ ಮಾಡುವ ಇನ್ಸಿಡೆಂಟ್ ಫಾರ್ಮ್ ತುಂಬಿ. ನಡೆದದ್ದಷ್ಟೇ ಬರೆಯಿರಿ, ಊಹೆ ಬೇಡ, ಇನ್ನೊಬ್ಬರ ಮೇಲೆ ದೂರೂ ಬೇಡ.

ಚಾರ್ಟ್ ಮಾತ್ರ ಅಳಿಸಬೇಡಿ. ಕಾಗದವಾದರೆ ಒಂದೇ ಗೆರೆ ಎಳೆದು ಸಹಿ, ದಿನಾಂಕ, ಸಮಯ ಹಾಕಿ. ಕಂಪ್ಯೂಟರಿನಲ್ಲಿ ಯಾರು ಯಾವಾಗ ತಿದ್ದಿದರು ಅನ್ನುವುದು ಹಾಗೇ ಉಳಿದಿರುತ್ತದೆ. ಔಷಧದ ತಪ್ಪನ್ನು ತರಬೇತಿಯಿಂದ ಸರಿಪಡಿಸಬಹುದು ಅನ್ನುವ ಎನ್‌ಎಂಸಿ (ಇಲ್ಲಿನ ನರ್ಸ್‌ಗಳ ನೋಂದಣಿ ಮಂಡಳಿ), ಸುಳ್ಳನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ರೋಗಿಗಾಗಿ ಜೀವ ತೇಯುವ ನಮ್ಮ ಹುಡುಗಿಯರು ಬರೀ ಹೆದರಿಕೆಯಿಂದ ಮುಚ್ಚಿಟ್ಟು ಸಿಕ್ಕಿಹಾಕಿಕೊಂಡಾಗ ನನಗೆ ಕರುಳು ಚುರ್ ಅನ್ನುತ್ತದೆ.

ಹೇಳಿಕೊಂಡ ಒಂದು ತಪ್ಪಿಗೆ ಸಾಮಾನ್ಯವಾಗಿ ಕೆಲಸ ಹೋಗುವುದಿಲ್ಲ, ಹಾಗಾಗಿ ಕೆಲಸಕ್ಕೆ ಅಂಟಿಕೊಂಡಿರುವ ವೀಸಾಕ್ಕೂ ಆತಂಕವಿಲ್ಲ. ಡ್ರಗ್ ರೌಂಡನ್ನು, ಅಂದರೆ ರೋಗಿಗಳಿಗೆ ಔಷಧ ಕೊಡುವ ಸುತ್ತನ್ನು, ಮತ್ತೊಬ್ಬರ ಕಣ್ಣೆದುರು ಮಾಡಿಸಬಹುದು, ರಿಫ್ಲೆಕ್ಷನ್ (ಏನಾಯಿತು, ಏನು ಕಲಿತೆ ಅನ್ನುವ ಬರಹ) ಬರೆಸಬಹುದು. ಅದರಲ್ಲಿ "ನಾನು ಅಯೋಗ್ಯಳು" ಅಂತೆಲ್ಲ ಬರೆದರೆ ಪ್ರಯೋಜನವಿಲ್ಲ. "ನಡುವೆ ಫೋನ್ ಎತ್ತಿದೆ, ಮರಳಿ ಬಂದು ಕೊನೆಯ ಡೋಸ್ ಸಮಯ ನೋಡಲಿಲ್ಲ, ಇನ್ನು ಮುಂದೆ ಫೋನ್ ಬೇರೆಯವರು ಎತ್ತುತ್ತಾರೆ" ಅನ್ನುವಷ್ಟು ಖಚಿತವಾಗಿರಲಿ. 3 ವರ್ಷಕ್ಕೊಮ್ಮೆ ಬರುವ ರೀವ್ಯಾಲಿಡೇಷನ್‌ಗೆ (ನೋಂದಣಿ ನವೀಕರಣಕ್ಕೆ) ಇಂಥ 5 ಬರಹ ಹೇಗೂ ಬೇಕು.

ಬಂದ ವಾರವೇ ಇನ್ಸಿಡೆಂಟ್ ಫಾರ್ಮ್ ಯಾವ ಪರದೆಯಲ್ಲಿದೆ ಅಂತ ತೋರಿಸಿಕೊಳ್ಳಿ. ಆರ್‌ಸಿಎನ್ ಅಥವಾ ಯೂನಿಸನ್ ಅನ್ನುವ ನೌಕರರ ಸಂಘಕ್ಕೂ ಆಗಲೇ ಸೇರಿ. ತೊಂದರೆಯಾದ ಮೇಲೆ ಸೇರಿದರೆ ಹಳೆಯ ವಿಷಯಕ್ಕೆ ಅವರ ನೆರವು ಸಿಗುವುದು ಕಷ್ಟ.