ಎಸ್‌ಎಂಎಸ್ ಹೋಗುತ್ತೆ, ಫೋಟೋ ಮಾತ್ರ ಹೋಗಲ್ಲ: ಎಪಿಎನ್ ನೋಡಿ

ಸಿಮ್ ಬದಲಾಯಿಸಿದ ಮೇಲೆ ಬರೀ ಅಕ್ಷರದ ಮೆಸೇಜ್ ಹೋಗುತ್ತಿದೆ, ಫೋಟೋ ಹಾಕಿದರೆ ‘ಕಳುಹಿಸಲಾಗುತ್ತಿದೆ’ ಅಂತಲೇ ನಿಂತುಬಿಡುತ್ತದೆ, ವೈಫೈ ಚೆನ್ನಾಗಿದೆ ಅಂದಿದ್ದೀರಿ. ವೈಫೈ ಚೆನ್ನಾಗಿದ್ದರೂ ಇಲ್ಲಿ ಸಾಮಾನ್ಯವಾಗಿ ಉಪಯೋಗವಿಲ್ಲ. ಎಂಎಂಎಸ್, ಅಂದರೆ ಫೋಟೋ ಇರುವ ಮೆಸೇಜ್, ಹೋಗುವುದು ಮೊಬೈಲ್ ಡೇಟಾದಲ್ಲಿ, ಅದೂ ಸಿಮ್ ಕಂಪನಿಯ ಎಂಎಂಎಸ್ ಸರ್ವರ್ ಮೂಲಕ. ಹಾಗಾಗಿ ಮೊದಲು ವೈಫೈ ಆಫ್ ಮಾಡಿ, ಡೇಟಾ ಆನ್ ಮಾಡಿ, ಒಂದು ಚಿಕ್ಕ ಫೋಟೋ ಕಳಿಸಿ ನೋಡಿ.

ಆಗಲೂ ಹೋಗದಿದ್ದರೆ ನನ್ನ ಅನುಮಾನ ಎಪಿಎನ್ ಮೇಲೆ, ಅಂದರೆ ಫೋನ್ ಸಿಮ್ ಕಂಪನಿಯ ಡೇಟಾ ನೆಟ್‌ವರ್ಕ್‌ಗೆ ಸೇರಲು ಬಳಸುವ ಸೆಟ್ಟಿಂಗ್ ಮೇಲೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್, ಅದರೊಳಗೆ ‘ಆಕ್ಸೆಸ್ ಪಾಯಿಂಟ್ ನೇಮ್ಸ್’ ತೆರೆಯಿರಿ. ‘ಎಂಎಂಎಸ್‌ಸಿ’ ಅನ್ನುವ ಜಾಗ (ಎಂಎಂಎಸ್ ಸರ್ವರ್ ವಿಳಾಸ) ಖಾಲಿ ಇದೆಯಾ? ‘ಎಪಿಎನ್ ಟೈಪ್’ ಸಾಲಿನಲ್ಲಿ ‘ಎಂಎಂಎಸ್’ ಇಲ್ಲವಾ? ಇಂಟರ್ನೆಟ್ ಸರಿಯಾಗಿ ಓಡುತ್ತಿದ್ದರೂ ಈ ಎರಡರಲ್ಲಿ ಒಂದು ತಪ್ಪಿದ್ದರೆ ಫೋಟೋ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹೊಸ ಸಿಮ್ ಹಾಕಿದಾಗ ಇದು ಜಾಸ್ತಿ. ಮೇಲಿನ ಮೂರು ಚುಕ್ಕಿ ಒತ್ತಿ ‘ರೀಸೆಟ್ ಟು ಡಿಫಾಲ್ಟ್’ ಕೊಡಿ. ಸರಿಯಾಗದಿದ್ದರೆ ನಿಮ್ಮ ಸಿಮ್ ಕಂಪನಿಯವರಿಂದಲೇ ವಿವರ ತರಿಸಿಕೊಳ್ಳಿ. ಇಂಟರ್ನೆಟ್‌ನಲ್ಲಿ ಸಿಕ್ಕ ಯಾವುದೋ ಹಳೇ ಸೆಟ್ಟಿಂಗ್ ಸುಮ್ನೆ ಹಾಕಬೇಡಿ, ಇರುವ ಡೇಟಾನೂ ಹೋಗಬಹುದು.

ಐಫೋನ್ ಆದರೆ ಮೆಸೇಜಸ್ ಸೆಟ್ಟಿಂಗ್‌ನಲ್ಲಿ ‘ಎಂಎಂಎಸ್ ಮೆಸೇಜಿಂಗ್’ ಆನ್ ಇರಬೇಕು.

ಎರಡು ಸಿಮ್ ಇದೆಯಾ? ಡೇಟಾ ಒಂದರಲ್ಲಿ, ಮೆಸೇಜ್ ಇನ್ನೊಂದರಲ್ಲಿ ಇದ್ದರೂ ಕೆಲವು ಫೋನ್‌ಗಳು ಹೀಗೇ ಕಾಡುತ್ತವೆ. ವಿಪಿಎನ್ (ಇಂಟರ್ನೆಟ್ ಅನ್ನು ಬೇರೆ ಸರ್ವರ್ ಮೂಲಕ ಕಳಿಸುವ ಆ್ಯಪ್) ಇದ್ದರೆ ಅದನ್ನೂ ಒಮ್ಮೆ ನಿಲ್ಲಿಸಿ ನೋಡಿ. ಇಷ್ಟಾದರೂ ಹೋಗದಿದ್ದರೆ ನಿಮ್ಮ ಫೋನ್ ಮಾಡೆಲ್ ಮತ್ತು ಎಪಿಎನ್ ಪುಟದ ಸ್ಕ್ರೀನ್‌ಶಾಟ್ ಹಾಕಿ.